ಮೂವತ್ತು ಕಲ್ಲಿನ ಬಿಲ್ಲು

ಹೊಳೆಯನ್ನು ಎರಡು ಸಲ ದಾಟಿದವರಿಗೆ ಸಿಗುವ, ಒಂದೇ ಸಲ ದಾಟಿದವರಿಗೆ ಕಾಣದ ಊರು ಒಂದಿತ್ತು. ಇರುವುದು ಒಂದೇ ಹೊಳೆ, ಹೋಗುವಾಗಲೇ ಎರಡು ಸಲ ಹೇಗೆ ದಾಟುವುದು ಅಂತ ನನ್ನನ್ನು ಕೇಳಬೇಡಿ. ದಾಟಿದವರು ಯಾರೂ ಅದನ್ನು ಹೇಳಲಿಲ್ಲ. ಆ ಊರಿನ ಗಂಡಸರಿಗೆ ಹೆಸರಿರಲಿಲ್ಲ, ಕಲ್ಲುಗಳಿದ್ದವು.

ತೊಟ್ಟಿಲಲ್ಲಿ ಇಟ್ಟ ಹೆಸರು ಬಿಲ್ಲು ಹಿಡಿಯುವ ದಿನದವರೆಗೆ ಮಾತ್ರ. ಆ ದಿನ ಬೆಳಗ್ಗೆ ಆ ಹೆಸರನ್ನು ಹೊಳೆಯ ಕಡೆ ಮುಖ ಮಾಡಿ ಮೂರು ಸಲ ಕೂಗಿ ಬಿಟ್ಟುಬಿಡುತ್ತಿದ್ದರು. ಆಮೇಲೆ ಊರ ನಡುವಿನ ಹುಣಸೆಮರದ ಕೊಂಬೆಗೆ ಹೊಸ ಬಿಲ್ಲನ್ನು ಹಿಡಿಕೆಯಿಂದ ಕಟ್ಟಿ ತೂಗುಹಾಕುತ್ತಿದ್ದರು. ಬಿಲ್ಲಿನ ಹೆದೆಗೆ ಒಂದು ಬುಟ್ಟಿ. ಬುಟ್ಟಿಗೆ ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಹೊಳೆಗಲ್ಲುಗಳನ್ನು ಒಂದೊಂದಾಗಿ ಇಡುವುದು. ಒಂದು ಕಲ್ಲು ಬಿದ್ದರೆ ಊರೆಲ್ಲ ಒಂದು ಅನ್ನಬೇಕು, ಎರಡು ಬಿದ್ದರೆ ಎರಡು ಅನ್ನಬೇಕು. ಭಾರಕ್ಕೆ ಹೆದೆ ಇಳಿದು ಇಳಿದು ಒಂದು ಬಾಣದುದ್ದಕ್ಕೆ ಬಂದು ನಿಲ್ಲುವಾಗ ಬುಟ್ಟಿಯಲ್ಲಿ ಎಷ್ಟು ಕಲ್ಲಿದ್ದವೋ ಆ ಗಂಡಸು ಅಷ್ಟು. ಅಂದಿನಿಂದ ಅವನು ಹದಿನೆಂಟು ಕಲ್ಲಿನವನು, ಇಲ್ಲವೇ ಇಪ್ಪತ್ತನಾಲ್ಕು ಕಲ್ಲಿನವನು. ಅವನ ಹೆಂಡತಿ ಇಪ್ಪತ್ತನಾಲ್ಕು ಕಲ್ಲಿನವನ ಹೆಂಡತಿ. ಹುಣಸೆಮರದ ಕಟ್ಟೆಗೆ ಏಳು ಮೆಟ್ಟಿಲಿದ್ದವು, ಹೆಚ್ಚು ಕಲ್ಲಿನವನಿಗೆ ಮೇಲಿನ ಮೆಟ್ಟಿಲು, ಕಡಿಮೆಯವನಿಗೆ ಕೆಳಗಿನದು. ಕಲ್ಲು ಏರಿಸಿಕೊಳ್ಳಬಹುದಿತ್ತು, ಇಳಿಸಿಕೊಳ್ಳುವಂತಿರಲಿಲ್ಲ. ಇನ್ನೊಬ್ಬನ ಬಿಲ್ಲನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಅವನ ಹೆಂಡತಿಯ ಸೆರಗು ಹಿಡಿದಷ್ಟೇ ತಪ್ಪು.

ಇಲ್ಲೊಂದು ಮಾತು ನೋಡಿ. ಆ ದಿನ ಬಿಲ್ಲನ್ನು ಎಳೆಯುತ್ತಿದ್ದದ್ದು ಮರ ಮತ್ತು ಕಲ್ಲು. ಗಂಡಸಾದವನು ಪಕ್ಕದಲ್ಲಿ ಮೀಸೆ ತಿರುವಿಕೊಂಡು ನಿಂತಿದ್ದರೆ ಸಾಕಿತ್ತು.

ಊರಿಗೆಲ್ಲ ಬಿಲ್ಲು ಮಾಡಿಕೊಡುತ್ತಿದ್ದವನು ಬಿಲ್ಲಾಚಾರಿ. ಊರ ಅಂಚಿನಲ್ಲಿ ಮನೆ, ಮನೆಯ ಹಿಂದೆ ಬಿದಿರು ಮೆಳೆ, ಮೆಳೆಯ ಕಡೆಗೆ ಒಂದು ಹಿತ್ತಲ ಬಾಗಿಲು. ಅವನಿಗೆ ಕಲ್ಲಿರಲಿಲ್ಲ. ಅವನ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಬಿಲ್ಲು ಮಾಡುವ ಮನೆಯವರು ಬೇಟೆಗೆ ಹೋಗಬಾರದು ಅಂತ ಯಾರೂ ಕಟ್ಟು ಮಾಡಿರಲಿಲ್ಲ, ಯಾರೂ ಹೋಗಿರಲಿಲ್ಲ ಅಷ್ಟೆ. ಕಲ್ಲಿಲ್ಲದವನಿಗೆ ಮೆಟ್ಟಿಲೂ ಇಲ್ಲ. ಸಭೆ ಸೇರಿದಾಗ ಬಿಲ್ಲಾಚಾರಿ ಕಟ್ಟೆಯ ಕೆಳಗೆ ಮಣ್ಣಿನಲ್ಲಿ ಕೂರುತ್ತಿದ್ದ. ಎದ್ದಾಗ ಪಂಚೆಯ ಹಿಂಭಾಗ ಕೆಂಪಗಾಗಿರುತ್ತಿತ್ತು.

ಮರದಲ್ಲಿ ತೂಗಿಯಾದ ಮೇಲೆ ಬಿಲ್ಲು ಏಳು ದಿನ ಬಿಲ್ಲಾಚಾರಿಯ ಮನೆಯಲ್ಲಿ ಇರಬೇಕು, ಎಣ್ಣೆ ಕುಡಿಸಲಿಕ್ಕೆ. ಇದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಆ ಏಳು ದಿನಗಳಲ್ಲಿ ಒಂದು ದಿನ ಬಿಲ್ಲಿನ ಒಡೆಯ ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಬಂದು, ಮೆಳೆಯ ಕಡೆ ನೋಡುತ್ತ ನಿಂತು, ಕೆಮ್ಮಿ, ಆಮೇಲೆ ಹೇಳುತ್ತಿದ್ದ.

"ಆಚಾರೀ, ಭುಜ ಒಂಚೂರು ಉಳುಕಿದೆ. ಈ ಸಲದ ಮಟ್ಟಿಗೆ... ಒಂದೆರಡು ಕಲ್ಲು."

ಬಿಲ್ಲಾಚಾರಿ ಏನೂ ಕೇಳುತ್ತಿರಲಿಲ್ಲ. ಹೆರೆಗತ್ತಿ ತೆಗೆದುಕೊಳ್ಳುತ್ತಿದ್ದ. ಬಿದಿರಿನ ಹೊರಮೈ ಮುಟ್ಟಬಾರದು, ಮುಟ್ಟಿದರೆ ಬಿಲ್ಲು ಸಿಗಿದು ಸೀಳಾಗುತ್ತದೆ. ಒಳಮೈಯನ್ನು ಹೆರೆದಷ್ಟೂ ಬಿಲ್ಲು ಮೆತ್ತಗಾಗುತ್ತದೆ. ಸ್ವಲ್ಪ ಹೆರೆದು, ಬಂದವನನ್ನು ಕೊರಡಿನ ಮೇಲೆ ಕೂರಿಸಿ, "ಎಳೀರಿ. ಎಳೆದು ಹಿಡಿದಿರಿ. ನಾನು ಈ ಚೊಂಬಿನ ನೀರು ಕುಡಿದು ಮುಗಿಸೋವರೆಗೂ ಬಿಡಬೇಡಿ" ಅನ್ನುತ್ತಿದ್ದ. ಕೈ ನಡುಗಿದರೆ ಮತ್ತೆ ಹೆರೆಯುವುದು. ಎಳೆಯುವುದು ಯಾರಿಗಾದರೂ ಬರುತ್ತದೆ, ಮೃಗ ಪಕ್ಕೆ ತೋರಿಸುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವುದು ಬೇಟೆ ಅಂತ ಅವನಪ್ಪ ಅವನಿಗೆ ಕಲಿಸಿದ್ದ. ಒಂದೆರಡು ಕಲ್ಲು ಅಂತ ಬಂದವನ ಬಿಲ್ಲು ಇಪ್ಪತ್ತನಾಲ್ಕರಿಂದ ಹನ್ನೊಂದಕ್ಕೋ ಹತ್ತಕ್ಕೋ ಇಳಿದಾಗಲೇ ಚೊಂಬು ಬರಿದಾಗುತ್ತಿದ್ದದ್ದು. ಇಪ್ಪತ್ತೆಂಟು ಕಲ್ಲಿನ ಊರ ಯಜಮಾನನ ಬಿಲ್ಲು ಹತ್ತೇ ಹತ್ತು ಕಲ್ಲಿನದು. ಹತ್ತು ಕಲ್ಲಿನ ಬಿಲ್ಲಿಗೆ ಜಿಂಕೆ ಬೀಳುತ್ತದೆ, ಪಕ್ಕೆಗೆ ಸರಿಯಾಗಿ ನಾಟಿದರೆ ಹಂದಿಯೂ ಬೀಳುತ್ತದೆ. ಹೀಗೆ ಊರು ಚೆನ್ನಾಗಿ ಉಂಡುಕೊಂಡಿತ್ತು.

ಬಂದ ಪ್ರತಿಯೊಬ್ಬನೂ ಹೋಗುವಾಗ ತಿರುಗಿ ನಿಂತು ಒಂದೇ ಮಾತು ಹೇಳುತ್ತಿದ್ದ: "ಇದು ನಮ್ಮಿಬ್ಬರಲ್ಲೇ ಇರಲಿ."

ಇರುತ್ತಿತ್ತು. ಬಿಲ್ಲಾಚಾರಿಯ ಅಪ್ಪ ಸಾಯುವ ಮುಂಚೆ ಮಗನ ಅಂಗೈಯಲ್ಲಿ ಉಪ್ಪು ಹಾಕಿ, ಉಪ್ಪಿನ ಮೇಲೆ ಹೆರೆಗತ್ತಿ ಇಟ್ಟು ಆಣೆ ಮಾಡಿಸಿದ್ದ. "ಯಾರ ಬಿಲ್ಲನ್ನೂ ಹೆರೆದೆ ಅಂತ ಯಾರಿಗೂ ಹೇಳಕೂಡದು. ಹೇಳಿದ ದಿನ ಊರು ಉಳಿಯಲ್ಲ." ಬಿಲ್ಲಾಚಾರಿ ಆ ಆಣೆಯನ್ನು ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ. ಕಟ್ಟೆಯ ಕೆಳಗೆ ಕೂತು ಮೇಲಿನವರು ತಮ್ಮ ತಮ್ಮ ಕಲ್ಲು ಹೇಳಿಕೊಳ್ಳುವುದನ್ನು ಕೇಳುವಾಗ ಅವನಿಗೆ ಒಳಗೊಳಗೇ ಒಂದು ಹೆಮ್ಮೆ. ಪಾಪ, ಪ್ರತಿಯೊಬ್ಬನೂ ತಾನೊಬ್ಬನೇ ಕಳ್ಳ ಅಂದುಕೊಂಡಿದ್ದಾನೆ, ಎಲ್ಲರ ಮಾನ ನನ್ನ ಬಾಯಲ್ಲಿದೆ, ನಾನು ಬಾಯಿ ಮುಚ್ಚಿಕೊಂಡಿರುವುದರಿಂದ ಈ ಕಟ್ಟೆ ನಿಂತಿದೆ ಅಂತ. ಮಣ್ಣಿನಲ್ಲಿ ಕೂರುವವನಿಗೆ ಅಷ್ಟಾದರೂ ಬೇಡವೇ.

ಹೆರೆದ ಚೂರುಗಳನ್ನು ಅವನ ಹೆಂಡತಿ ಗುಡಿಸಿ ಬುಟ್ಟಿಗೆ ತುಂಬಿ ಒಲೆಗೆ ಹಾಕುತ್ತಿದ್ದಳು. ಒಣ ಬಿದಿರಿನ ಚೂರು, ತಕ್ಷಣ ಹೊತ್ತಿಕೊಳ್ಳುತ್ತಿತ್ತು. ಊರಿನ ಮರ್ಯಾದೆಯ ಉರಿಯಲ್ಲಿ ಆ ಮನೆಯ ಅನ್ನ ಬೇಯುತ್ತಿತ್ತು. ಅವಳು ಏನನ್ನೂ ಕೇಳಿದವಳಲ್ಲ, ಕಣ್ಣಿದ್ದವಳಿಗೆ ಕೇಳುವ ಕೆಲಸವೂ ಇರಲಿಲ್ಲ.

ಅವರಿಗೆ ಒಬ್ಬನೇ ಮಗ. ಬಿದಿರು ಕಡಿದು ಸೀಳಿ ಹೊತ್ತು ತೋಳು ಗಟ್ಟಿಯಾಗಿದ್ದ ಇಪ್ಪತ್ತು ದಾಟಿದ ಗಂಡು. ಹಿತ್ತಲ ಬಾಗಿಲಿಗೆ ಯಾರಾದರೂ ಬರುವ ದಿನ ಬಿಲ್ಲಾಚಾರಿ ಅವನನ್ನು ಬೇಕೆಂದೇ ಮೆಳೆಯ ಆಚೆ ತುದಿಗೆ, ನಾರು ತರಲಿಕ್ಕೆ ಕಳಿಸಿಬಿಡುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ಮನೆ ಹೇಳುವುದಿಲ್ಲ. ಊರಿನ ಬಿಲ್ಲೆಲ್ಲ ಮಾಡುವ ಮನೆಯಲ್ಲಿ ಬಿಲ್ಲಿನ ಸುದ್ದಿ ಗೊತ್ತಿಲ್ಲದೆ ಬೆಳೆದವನು ಅವನೊಬ್ಬ.

ಒಂದು ಸಭೆಯ ದಿನ, ಅಪ್ಪ ಪಂಚೆಗೆ ಅಂಟಿದ ಮಣ್ಣು ಕೊಡವಿಕೊಳ್ಳುವುದನ್ನು ನೋಡುತ್ತ ನಿಂತ ಮಗ ಹೇಳಿದ, "ಅಪ್ಪ, ನೀನು ಮಣ್ಣಲ್ಲಿ ಕೂರೋದು ನೋಡಿ ನೋಡಿ ನನಗೆ ಸಾಕಾಗಿದೆ. ನಾನು ಬಿಲ್ಲು ಹಿಡೀತೀನಿ."

"ನಮ್ಮ ಮನೇಲಿ ಯಾರೂ ಹಿಡಿದಿಲ್ಲ ಕಣೋ."

"ಹಿಡೀಬಾರದು ಅಂತ ಏನಾದ್ರೂ ಇದೆಯಾ?"

"ಇಲ್ಲ."

"ಮತ್ತೆ? ಹೆಚ್ಚು ಕಲ್ಲಿನವನ ಅಪ್ಪ ಮಗನ ಮೆಟ್ಟಿಲ ಮೇಲೇ ಕೂರಬಹುದು. ಅದು ಪದ್ಧತಿ. ನಿನ್ನನ್ನ ಏಳನೇ ಮೆಟ್ಟಿಲ ಮೇಲೆ ಕೂರಿಸ್ತೀನಿ."

ಬಿಲ್ಲಾಚಾರಿಗೆ ಎದೆ ತುಂಬಿ ಬಂತು. ಆದರೂ ತಿಳಿದಷ್ಟು ಬುದ್ಧಿ ಹೇಳಿದ. ಬಿಲ್ಲು ಆರಿಸುವುದು ತೋಳಿನ ಲೆಕ್ಕದಲ್ಲಲ್ಲ, ಕಾಯುವ ಲೆಕ್ಕದಲ್ಲಿ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಎರಡು ಜಾವ ಕೂತ ಮೇಲೆ, ಕೈಕಾಲು ಮರಗಟ್ಟಿದ ಮೇಲೆ, ಎದ್ದು ನಿಲ್ಲಲಿಕ್ಕೂ ಜಾಗವಿಲ್ಲದಾಗ ಎಷ್ಟು ಎಳೆಯಬಲ್ಲೆಯೋ ಅದು ನಿನ್ನ ಬಿಲ್ಲು. ನಿನಗೆ ಹನ್ನೆರಡು ಕಲ್ಲು ಸಾಕು. ಹೆಚ್ಚೆಂದರೆ ಹದಿನಾಲ್ಕು.

ಮಗ ನಕ್ಕುಬಿಟ್ಟ. "ಹನ್ನೆರಡಾ? ಯಜಮಾನರು ಈ ವಯಸ್ಸಲ್ಲಿ ಇಪ್ಪತ್ತೆಂಟು ಎಳೀತಾರೆ. ಉಬ್ಬಸ ಇರೋ ಆ ಮೂಲೆಮನೆಯೋನೇ ಇಪ್ಪತ್ತೆರಡು. ಅವರ ತೋಳು ನೋಡು, ನನ್ನ ತೋಳು ನೋಡು. ನಾನು ಹನ್ನೆರಡು ಹಿಡಿದು ಒಂದನೇ ಮೆಟ್ಟಿಲಲ್ಲಿ ಕೂರ್ಲಾ?"

ಇದಕ್ಕೆ ಉತ್ತರ ಬಿಲ್ಲಾಚಾರಿಯ ನಾಲಿಗೆಯ ತುದಿಯಲ್ಲೇ ಇತ್ತು. ಅಂಗೈ ಉಪ್ಪು ತಾಗಿದಂತೆ ಉರಿಯಿತು. ಅವನು ಬಾಯಿ ಮುಚ್ಚಿದ.

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ, ಮಗ ಆಚೆ ಹೋದ ಮೇಲೆ ಬಂದಳು. "ಅವನಿಗೆ ಹೇಳಿ" ಅಂದಳು.

"ಏನು ಹೇಳಲಿ?"

"ನಾನು ದಿನಾ ಒಲೆಗೆ ಹಾಕೋದು ಏನು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ? ನಿಮಗೆ ಆಗಲ್ಲ ಅಂದ್ರೆ ನಾನು ಹೇಳ್ತೀನಿ."

ಬಿಲ್ಲಾಚಾರಿ ಹೆದರಿದ. ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. "ನನ್ನ ಆಣೆ. ಅವನಿಗೆ ಹೇಳಿದೆಯೋ, ನನ್ನ ಹೆಣ ನೋಡ್ತೀಯ. ಬೇರೆ ದಾರಿ ಇದೆ. ತೂಗಿದ ಮೇಲೆ ಏಳು ದಿನ ಬಿಲ್ಲು ನನ್ನ ಕೈಲಿರುತ್ತಲ್ಲ. ನಾನು ನೋಡ್ಕೋತೀನಿ."

ಅವಳು ಕೈ ಎಳೆದುಕೊಂಡಳು, ಅಷ್ಟರಲ್ಲಿ ಆಣೆ ಬಿದ್ದಾಗಿತ್ತು.

ಮಗ ಹೊಳೆಯ ಕಡೆ ಮುಖ ಮಾಡಿ ತನ್ನ ಹೆಸರನ್ನು ಮೂರು ಸಲ ಕೂಗಿದ. ಹೆಸರು ನೀರಿನ ಮೇಲೆ ಸ್ವಲ್ಪ ದೂರ ಹೋಗಿ ಮುಳುಗಿತು. ತಾಯಿ ಅದನ್ನು ನೋಡುತ್ತ ನಿಂತಿದ್ದಳು. ಹುಣಸೆಮರಕ್ಕೆ ಬಿಲ್ಲು ಕಟ್ಟಿದರು, ಬುಟ್ಟಿ ತೂಗಿಬಿಟ್ಟರು. "ಎಷ್ಟು?" ಅಂತ ಏಳನೇ ಮೆಟ್ಟಿಲಿನಿಂದ ಯಜಮಾನ ಕೇಳಿದ. "ಮೂವತ್ತು" ಅಂದ ಮಗ.

ಆ ಊರಿನಲ್ಲಿ ಮೂವತ್ತು ಕಲ್ಲನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಯಜಮಾನ ಒಂದು ಗಳಿಗೆ ಮಗನನ್ನೂ ಆಮೇಲೆ ಕೆಳಗೆ ಮಣ್ಣಿನಲ್ಲಿ ಕೂತ ಅಪ್ಪನನ್ನೂ ನೋಡಿದ. ನೋಡಿ ನಕ್ಕ. "ಬಿಲ್ಲಾಚಾರಿಯ ಮಗನಿಗೆ ಮೂವತ್ತು ಏನು ಕಷ್ಟ" ಅಂದ. ಮೆಟ್ಟಿಲು ಮೆಟ್ಟಿಲಿನಲ್ಲಿ ಗಂಡಸರು ನಕ್ಕರು. ಯಜಮಾನ ತನ್ನ ಗುಟ್ಟನ್ನು ತಾನೇ ಬಾಯಿ ತಪ್ಪಿ ಹೇಳಿಕೊಂಡುಬಿಟ್ಟ, ಉಳಿದವರಿಗೆ ಅರ್ಥವಾಗದಿದ್ದರೆ ಸಾಕು ಅಂತ ಬಿಲ್ಲಾಚಾರಿ ನೆಲ ನೋಡುತ್ತ ಕೂತ.

ಒಂದು, ಎರಡು, ಮೂರು ಅಂತ ಊರು ಎಣಿಸಿತು. ಮೂವತ್ತಕ್ಕೆ ಹೆದೆ ಬಾಣದುದ್ದಕ್ಕೆ ಬಂದು ನಿಂತಿತು. ಬಿಲ್ಲು ಒಳ್ಳೆಯ ಬಿಲ್ಲು. ಬಿಲ್ಲಾಚಾರಿಯ ಕೈಯಲ್ಲಿ ಸುಳ್ಳು ಕೆಲಸ ಇರಲಿಲ್ಲ.

ಏಳು ದಿನದಲ್ಲಿ ಆರು ದಿನ ಮಗ ಹಿತ್ತಲ ಬಾಗಿಲಿಗೆ ಬರಲಿಲ್ಲ. ಬರುತ್ತಾನೇನೋ ಅಂತ ಬಿಲ್ಲಾಚಾರಿ ಕಾದ. ಒಂದೇ ಮನೆಯಲ್ಲಿರುವವನು ಹಿತ್ತಲ ಬಾಗಿಲಿಗೆ ಯಾಕೆ ಬಂದಾನು? ಏಳನೆಯ ದಿನ ಮಗನನ್ನು ನಾರಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಹೆರೆಯಲಿಕ್ಕೆ ಕೂತ. ಊರಿನ ಯಾರ ಬಿಲ್ಲನ್ನೂ ಅಷ್ಟು ಜೋಪಾನವಾಗಿ ಹೆರೆದಿರಲಿಲ್ಲ. ಹದಿನಾಲ್ಕಕ್ಕೆ ತಂದು ನಿಲ್ಲಿಸಿ, ಎಣ್ಣೆ ಒರೆಸಿ, ಗೋಡೆಗೆ ಒರಗಿಸಿ, ಚೊಂಬಿನ ನೀರು ಕುಡಿದ.

ಮಗ ಬಂದ. ಬಿಲ್ಲು ತೆಗೆದುಕೊಂಡು ಹೆದೆಯನ್ನು ಬೆರಳಿನಿಂದ ಮೀಟಿದ, ಮತ್ತೊಂದು ಸಲ ಮೀಟಿದ. ಬಿಲ್ಲಾಚಾರಿಯ ಮನೆಯಲ್ಲಿ ಹುಟ್ಟಿದವನಲ್ಲವೇ, ದನಿ ಇಳಿದದ್ದು ಅವನಿಗೆ ತಿಳಿಯಿತು. ಎಳೆದ. ಹೆದೆ ಸಲೀಸಾಗಿ ಗಲ್ಲಕ್ಕೆ ಬಂತು. ಬೇರೆ ಯಾರ ಮುಖವಾದರೂ ಆಗ ಅರಳುತ್ತಿತ್ತು, ಅವನ ಮುಖ ಕಪ್ಪಿಟ್ಟಿತು.

"ಹೆರೆದಿದ್ದೀಯ" ಅಂದ.

ಬಿಲ್ಲಾಚಾರಿ ಹೆರೆಗತ್ತಿಯನ್ನು ಎತ್ತಿಕೊಂಡು ಒರೆಸತೊಡಗಿದ.

"ಊರಿನ ಎದುರಿಗೆ ಮೂವತ್ತು ಅಂತ ಹೇಳಿಸಿ, ಮನೇಲಿ ಇದನ್ನ ಕೈಗೆ ಕೊಡ್ತೀಯಾ? ನನ್ನ ಕೈಲಾಗಲ್ಲ ಅಂತ ನೀನೇ ಅಂದ್ಕೊಂಡ್ಯಾ ಅಪ್ಪ?"

"ಹಾಗಲ್ಲ ಕಣೋ. ನಿನ್ನ ಒಳ್ಳೇದಕ್ಕೆ..."

"ಒಂದು ಮಾತು ಹೇಳು. ಊರಲ್ಲಿ ಬೇರೆ ಯಾರ ಬಿಲ್ಲನ್ನಾದ್ರೂ ಹೀಗೆ ಹೆರೆದಿದ್ದೀಯಾ?"

ಕಥೆ ಹೇಳುವ ನನಗೆ ಈ ಜಾಗದಲ್ಲಿ ಪ್ರತಿ ಸಲವೂ ಸಿಟ್ಟು ಬರುತ್ತದೆ. ಹೌದು ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಬಾಗಿಲು ಹಾಕಿತ್ತು, ಇದ್ದವರು ಅಪ್ಪ ಮಗ ಇಬ್ಬರೇ. ಒಂದು ಮಾತು ಸಾಕಿತ್ತು. ಬಿಲ್ಲಾಚಾರಿ ಮಗನ ಮುಖ ನೋಡಿದ, ಕೈಯಲ್ಲಿದ್ದ ಹೆರೆಗತ್ತಿ ನೋಡಿದ. ಮೂವತ್ತು ವರ್ಷ ಕಾಪಾಡಿದ ಮಾತು. ಎಲ್ಲರ ಮಾನ.

"ಇಲ್ಲ" ಅಂದ. "ನಿನ್ನದು ಮಾತ್ರ."

ಮಗ ಬಿಲ್ಲನ್ನು ನೆಲಕ್ಕೆ ಇಟ್ಟ. ಎಸೆಯಲಿಲ್ಲ, ಅವನು ಅಂಥವನಲ್ಲ. ಹೊರಗೆ ಹೋಗಿ ಮೆಳೆಯಲ್ಲಿ ಅದೇ ಬುಡದ ಬಿದಿರು ಕಡಿದ. ಒಂಬತ್ತು ದಿನ ಕೂತು ತನ್ನ ಕೈಯಾರೆ ಅಂಥದೇ ಇನ್ನೊಂದು ಬಿಲ್ಲು ಮಾಡಿದ. ಮನೆಯ ತೊಲೆಗೆ ಅದನ್ನು ಕಟ್ಟಿ, ಅಪ್ಪನ ಕಣ್ಣೆದುರಿಗೆ ಒಂದೊಂದೇ ಕಲ್ಲಿಟ್ಟು, ಒಬ್ಬನೇ ಎಣಿಸಿದ. ಮೂವತ್ತು.

ಆಮೇಲೆ ಎಳೆಯಲಿಕ್ಕೆ ಶುರುಮಾಡಿದ. ಮೊದಲ ದಿನ ಹೆದೆ ಒಂದು ಗೇಣು ಬಂತು. ಹದಿನೈದು ದಿನಕ್ಕೆ ಒಂದೂವರೆ ಗೇಣು. ಬೆಳಗ್ಗೆ ಎಳೆದ, ಮಧ್ಯಾಹ್ನ ಎಳೆದ, ಸಂಜೆ ಎಳೆದ. ಭುಜ ಊದಿಕೊಂಡು ಬಿಸಿಯಾಯಿತು. ತಾಯಿ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು, ತಿಕ್ಕುವಾಗ ಅವಳ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಮಗ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದ, "ಉಬ್ಬಸದವನು ಇಪ್ಪತ್ತೆರಡು ಎಳೀತಾನೆ ಅಂದ್ರೆ ನನಗೆ ಯಾಕಮ್ಮ ಆಗಲ್ಲ? ನನ್ನಲ್ಲೇ ಏನೋ ಕೊರತೆ ಇದೆ." ಅವಳು ಬಾಗಿಲಲ್ಲಿ ಕೂತ ಗಂಡನ ಕಡೆ ನೋಡುತ್ತಿದ್ದಳು. ಗಂಡ ಮೆಳೆಯ ಕಡೆ ನೋಡುತ್ತಿದ್ದ.

ಮೂರು ತಿಂಗಳಿಗೆ ಒಂದು ದಿನ ಹೆದೆ ಗಲ್ಲ ಮುಟ್ಟಿತು. ಒಂದೇ ಉಸಿರು. ಮಗ ಬೆವರು ಸುರಿಸುತ್ತ ನಗುತ್ತ ಬಂದು, "ಬಂತು ಅಪ್ಪ" ಅಂದ.

"ಎಷ್ಟು ಹೊತ್ತು ಹಿಡಿದೆ?"

"ಎಲ್ಲರೂ ಹಿಡಿಯುವಷ್ಟು ಹೊತ್ತು ನಾನೂ ಹಿಡೀತೀನಿ. ಅಭ್ಯಾಸ ಆಗ್ಬೇಕು ಅಷ್ಟೆ."

ಹುಲ್ಲು ಹಳದಿಯಾಗುವ ಕಾಲಕ್ಕೆ ಊರಿನ ದೊಡ್ಡ ಬೇಟೆ. ಗುಡ್ಡದಿಂದ ಒಂಟಿಹಂದಿ ಇಳಿಯುವ ದಾರಿ ಒಂದೇ, ಆ ದಾರಿಯ ಬಾಯಲ್ಲಿ ನೆಲದ ಮೇಲೆ ಕೂರುವ ಜಾಗವೂ ಒಂದೇ. ಅದು ಹೆಚ್ಚು ಕಲ್ಲಿನವನದು. ಉಳಿದವರಿಗೆ ಹಿಂದಿನ ಮರಗಳು. ಇಷ್ಟು ವರ್ಷ ಯಜಮಾನ ತನ್ನ ಹತ್ತು ಕಲ್ಲಿನ ಬಿಲ್ಲು ಹಿಡಿದು ಅಲ್ಲಿ ಕೂತು, ಹಂದಿ ಹತ್ತಿರ ಬಂದು ಮಗ್ಗುಲಾಗುವವರೆಗೆ ನಿಧಾನಕ್ಕೆ ಎಳೆದು ಹಿಡಿದು, ಪಕ್ಕೆಗೆ ಹೊಡೆದು ಕೆಡವಿದ್ದ. ಆ ವರ್ಷ ಮೂವತ್ತು ಕಲ್ಲಿನವನಿಗೆ ಜಾಗ ಬಿಟ್ಟುಕೊಟ್ಟು ಅವನು ಮರ ಹತ್ತಿದ.

ಹೊರಡುವ ಬೆಳಗ್ಗೆ ಮಗ ಅಪ್ಪನ ಕಾಲು ಮುಟ್ಟಿದ. "ಸಂಜೆಗೆ ಏಳನೇ ಮೆಟ್ಟಿಲು" ಅಂದ. ಬಿಲ್ಲಾಚಾರಿ ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು, "ಹುಷಾರು." ಮಗ ತಲೆಯಾಡಿಸಿ ಹೋದ.

ನಡೆದದ್ದನ್ನು ಮರದ ಮೇಲಿದ್ದ ಹದಿನೆಂಟು ಕಲ್ಲಿನವನು ಬಂದು ಹೇಳಿದ. ಮಗ ಇಬ್ಬನಿಯ ಹುಲ್ಲಿನಲ್ಲಿ ಎರಡು ಜಾವ ಅಲುಗದೆ ಕೂತಿದ್ದ. ಹಂದಿ ಬಂತು. ಬಂದು ಮೂತಿ ಇತ್ತ ಮಾಡಿ ನಿಂತಿತು, ಮಗ್ಗುಲಾಗಲಿಲ್ಲ. ಮಗ ಎಳೆದ. ಮರಗಟ್ಟಿದ ಕೈಗೆ ಅದು ಹೇಗೆ ಬಂತೋ, ಗಲ್ಲದವರೆಗೆ ಬಂತು. ಒಂದು ಉಸಿರು, ಎರಡು ಉಸಿರು. ಹಂದಿ ನಿಂತೇ ಇತ್ತು. ಮೂರನೆಯ ಉಸಿರಿಗೆ ತೋಳು ನಡುಗಿತು, ಹೆದೆ ಮುಂದಕ್ಕೆ ಜಾರತೊಡಗಿತು. ಬೇರೆ ವಿಧಿಯಿಲ್ಲದೆ ಬಿಟ್ಟ. ಅರ್ಧ ಎಳೆತದ ಬಾಣ ಹೆಗಲ ದಪ್ಪ ಚರ್ಮಕ್ಕೆ ಬಡಿದು ನೇತಾಡಿತು. ಎರಡನೆಯ ಬಾಣಕ್ಕೆ ಹೆದೆ ಒಂದು ಗೇಣೂ ಬರಲಿಲ್ಲ. ಮರದವರು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಷ್ಟು ಹತ್ತಿರದಿಂದ ಹೊಡೆದರೆ ಯಾವ ಬಿಲ್ಲಾದರೂ ಬೀಳಿಸಬೇಕಿತ್ತು" ಅಂದ ಹದಿನೆಂಟು ಕಲ್ಲಿನವನು. "ಯಾಕೆ ಹಾಗೆ ಕೈ ನಡುಗಿತೋ."

ಊರು ಮಗನಿಗೆ ದೊಡ್ಡ ಮರ್ಯಾದೆ ಮಾಡಿತು. ಗೋರಿಯ ಮೇಲೆ ಮೂವತ್ತು ಕಲ್ಲಿಟ್ಟರು, ಮೊದಲನೆಯದನ್ನು ಯಜಮಾನನೇ ಇಟ್ಟ. ಒಂದು, ಎರಡು, ಮೂರು ಅಂತ ಊರೆಲ್ಲ ಎಣಿಸಿತು. ಬಿಲ್ಲನ್ನು ಪದ್ಧತಿಯಂತೆ ತಾಯಿಯ ಕೈಗೆ ಕೊಟ್ಟರು, ಅವಳು ಅದನ್ನು ಒಲೆಯ ಪಕ್ಕದ ಗೋಡೆಗೆ ಒರಗಿಸಿದಳು. ಹನ್ನೊಂದನೆಯ ದಿನ ಬಿಲ್ಲಾಚಾರಿಯನ್ನು ಇಬ್ಬರು ಎರಡೂ ರಟ್ಟೆ ಹಿಡಿದು ಕಟ್ಟೆ ಹತ್ತಿಸಿದರು. ಮೂವತ್ತು ಕಲ್ಲಿನವನ ಅಪ್ಪ. ಏಳನೆಯ ಮೆಟ್ಟಿಲಿನ ಮೇಲೆ, ಯಜಮಾನನ ಪಕ್ಕ. ಕಲ್ಲು ತಣ್ಣಗಿತ್ತು. ಎದ್ದಾಗ ಅವನು ರೂಢಿಯಂತೆ ಪಂಚೆಯ ಹಿಂಭಾಗ ಕೊಡವಿದ, ಅಂಟಿದ ಮಣ್ಣೇನೂ ಇರಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಯಜಮಾನ. ಕೈಯಲ್ಲಿ ಬಿಲ್ಲಿರಲಿಲ್ಲ, ಮುಖದಲ್ಲಿ ದುಃಖ ಇತ್ತು. ದುಃಖ ಸುಳ್ಳೇನಲ್ಲ.

"ಆಗಬಾರದ್ದು ಆಯ್ತು ಆಚಾರೀ" ಅಂದ. ಸ್ವಲ್ಪ ಹೊತ್ತು ಮೆಳೆ ನೋಡಿದ. "ಈಗ ಹೇಳೋ ಮಾತಲ್ಲ, ಆದರೂ ಹೇಳಬೇಕು. ನಿನ್ನ ಮಗ ಮೂವತ್ತು ಕಲ್ಲು ಮುಟ್ಟಿ ಹೋದ. ನಾನು ಊರಿನ ಯಜಮಾನ, ಇಪ್ಪತ್ತೆಂಟರಲ್ಲಿ ಹೇಗೆ ಕೂರಲಿ? ಮೂವತ್ತೊಂದರದ್ದು ಒಂದು ಮಾಡಿಕೊಡು. ಆಮೇಲೆ ಎಂದಿನಂತೆ ಹತ್ತಕ್ಕೆ ಇಳಿಸಿಬಿಡು."

ಬಿಲ್ಲಾಚಾರಿಯೊಳಗೆ ಏನೋ ಸಿಗಿಯಿತು. ಇನ್ನು ಕಾಪಾಡಿಕೊಳ್ಳಲಿಕ್ಕೆ ಏನಿದೆ ಅನ್ನಿಸಿತು. ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮೂವತ್ತು ವರ್ಷದ ಮಾತನ್ನು ಹೊರಗೆ ಹಾಕಿದ.

"ಯಜಮಾನರೇ, ಒಂದು ವಿಷಯ ಹೇಳ್ತೀನಿ. ನೀವೊಬ್ಬರೇ ಅಂದ್ಕೋಬೇಡಿ. ಈ ಊರಲ್ಲಿ ನಾನು ಹೆರೆಯದ ಬಿಲ್ಲು ಒಂದೂ ಇಲ್ಲ. ಎಲ್ಲರದೂ ಹತ್ತು, ಹನ್ನೊಂದು. ಎಲ್ಲರೂ ಕದ್ದು ಬಂದವರೇ. ನನ್ನ ಮಗನಿಗೆ ಅದೊಂದು ಗೊತ್ತಿದ್ದಿದ್ದರೆ..."

ಊರು ಉಳಿಯಲ್ಲ ಅಂತ ಅಪ್ಪ ಹೇಳಿದ್ದ. ಬಿಲ್ಲಾಚಾರಿ ಕಾದ. ಮೆಳೆಯಲ್ಲಿ ಬಿದಿರು ಒಂದಕ್ಕೊಂದು ಉಜ್ಜಿತು. ಯಜಮಾನ ಅರ್ಥವಾಗದವನಂತೆ ಅವನನ್ನೇ ನೋಡುತ್ತಿದ್ದ.

"ಅದು ಯಾರಿಗೆ ಗೊತ್ತಿಲ್ಲ ಆಚಾರೀ?"

ಯಜಮಾನನೇ ಮುಂದುವರಿಸಿದ.

"ಬಿಲ್ಲು ಹಿಡಿಯೋ ಹಿಂದಿನ ದಿನ ಪ್ರತಿ ಮನೇಲೂ ಅಪ್ಪ ಮಗನಿಗೆ ಹೇಳ್ತಾನೆ. ಕಟ್ಟೆ ಮೇಲೆ ದೊಡ್ಡದು ಹೇಳು, ಏಳು ದಿನದೊಳಗೆ ಹಿತ್ತಲ ಬಾಗಿಲಿಗೆ ಹೋಗು ಅಂತ. ನನಗೆ ನನ್ನಪ್ಪ ಹೇಳಿದ್ದ. ನಾನು ನನ್ನ ಮಗನಿಗೆ ಹೇಳಿದೆ. ಅವತ್ತು ಕಟ್ಟೆ ಮೇಲೆ ನಾನೇ ಅಂದೆನಲ್ಲ, ಬಿಲ್ಲಾಚಾರಿಯ ಮಗನಿಗೆ ಏನು ಕಷ್ಟ ಅಂತ. ಎಲ್ಲರೂ ನಕ್ಕರಲ್ಲ, ಯಾಕೆ ನಕ್ಕರು ಅಂದ್ಕೊಂಡೆ?" ಯಜಮಾನನ ದನಿ ಇಳಿಯಿತು. "ಬೇರೆ ಯಾರು ಹೇಳದಿದ್ದರೂ ನಿಮ್ಮನೇಲಿ ಹೇಳಿರ್ತೀರಿ ಅಂದ್ಕೊಂಡಿದ್ವಿ. ಹೇಳಿರಲಿಲ್ವಾ?"

"ಆಣೆ ಇತ್ತು" ಅಂದ ಬಿಲ್ಲಾಚಾರಿ.

"ಆಣೆ ಕಟ್ಟೆಗೆ ಕಣೋ. ಮನೆಯೊಳಗೆ ಎಂಥ ಆಣೆ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಗಾದೆ ಇದೆ. ಇಲ್ಲಿ ಊರೆಲ್ಲ ಕಣ್ಣು ಬಿಟ್ಟುಕೊಂಡೇ ಕುಡಿದಿತ್ತು, ಕಣ್ಣು ಮುಚ್ಚಿದ್ದವನು ಹಾಲು ಬಡಿಸುವವನು ಒಬ್ಬನೇ. ಯಜಮಾನ "ಅವಸರ ಇಲ್ಲ, ನಿಧಾನಕ್ಕೆ ಮಾಡು" ಅಂದು ಹೊರಟುಹೋದ. ಹೋಗುವಾಗ ತಿರುಗಿ ನಿಂತು, ರೂಢಿಯ ಬಲದಿಂದ, "ಇದು ನಮ್ಮಿಬ್ಬರಲ್ಲೇ ಇರಲಿ" ಅಂದ.

ಬಿಲ್ಲಾಚಾರಿ ತಿರುಗಿದ. ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಚೂರು ಗುಡಿಸಲು ತಂದ ಬುಟ್ಟಿ ಕಂಕುಳಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಗ ಹೋದ ಮೇಲೆ ಅವಳು ಅವನೊಡನೆ ಒಂದು ಮಾತೂ ಆಡಿರಲಿಲ್ಲ.

"ಹಾಗಾದ್ರೆ ನಾನು ಹೇಳಬಹುದಿತ್ತು" ಅಂದಳು.

ಬೈಯಲಿಲ್ಲ, ಅಳಲಿಲ್ಲ. ಅವನು ಅವಳ ಕಾಲಿಗಾದರೂ ಬೀಳುತ್ತಿದ್ದನೇನೋ, ಅವಳು ನಿಲ್ಲಲಿಲ್ಲ. ಬುಟ್ಟಿಯನ್ನು ಬರಿದಾಗಿಯೇ ತೆಗೆದುಕೊಂಡು ಒಳಗೆ ಹೋದಳು. ಬಿಲ್ಲಾಚಾರಿ ಕೊರಡಿನ ಮೇಲೆ ಕೂತ. ಮಾಡಲಿಕ್ಕೆ ಬೇರೆ ಏನೂ ಗೊತ್ತಿಲ್ಲದ ಕೈ ಹೋಗಿ ಒಂದು ಬಿದಿರಿನ ಸೀಳನ್ನು ಎತ್ತಿಕೊಂಡಿತು. ಮೂವತ್ತೊಂದಕ್ಕೆ ಆಗುವಂಥ ಸೀಳು.

ಅಡುಗೆಮನೆಯಿಂದ ಹೊಗೆ ಬಂತು. ಎದ್ದು ಹೋಗಿ ನೋಡಿದ. ಒಲೆಯಲ್ಲಿ ಚೂರಿರಲಿಲ್ಲ. ಮಗನ ಬಿಲ್ಲನ್ನು ಅವಳು ಇಡಿಯಾಗಿಯೇ ಒಲೆಗೆ ಒಡ್ಡಿದ್ದಳು, ಇನ್ನೊಂದು ತುದಿ ಬಾಗಿಲ ಹೊಸ್ತಿಲವರೆಗೆ ಚಾಚಿತ್ತು. ಉರಿದಷ್ಟನ್ನು ಕೈಯಿಂದ ಒಳಕ್ಕೆ ತಳ್ಳುತ್ತ ಕೂತಿದ್ದಳು. ಹೆರೆಯದ ಬಿದಿರು, ದಪ್ಪ, ಬೇಗ ಹಿಡಿಯುತ್ತಿರಲಿಲ್ಲ. ಅವನು ಹೊಸ್ತಿಲ ಆಚೆ ನಿಂತುಕೊಂಡ. 

ಬಿಲ್ಲು ಮುಗಿಯುವ ಹೊತ್ತಿಗೆ ಅನ್ನ ಬೆಂದಿತ್ತು. ಅವಳು ಎಲೆ ಹಾಕಿ ಬಡಿಸಿ, "ಉಣ್ಣಿ" ಅಂದಳು.

ಬಿಲ್ಲಾಚಾರಿ ಕೈ ತೊಳೆದುಕೊಂಡು ಬಂದು ಕೂತು ಉಂಡ.